"ನೋಡೋಕೆ ಏನಿದೆ?" ಅನ್ನೋ ಬದಲು "ನೀವೆಲ್ಲಿ ತಗೋತೀರಿ?" ಅಂತ ಕೇಳಿ: ಹಾಸನ, ಚಿಕ್ಕಮಗಳೂರು ಸುತ್ತುವವರಿಗೆ

ಹಾಸನದ ಬಸ್ ನಿಲ್ದಾಣದಲ್ಲಿ ಇಳಿದು ಯಾರನ್ನಾದರೂ "ಇಲ್ಲಿ ನೋಡೋಕೆ ಏನಿದೆ?" ಅಂತ ಕೇಳಿ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಅನ್ನುತ್ತಾರೆ. ಚಿಕ್ಕಮಗಳೂರಿನಲ್ಲಿ ಕೇಳಿದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ. ಅವರು ಹೇಳೋದು ತಪ್ಪಲ್ಲ. ಆ ಜಾಗಗಳನ್ನು ನೋಡಲೇಬೇಕು. ಆದರೆ ಹೊರಗಿನವರು ಕೇಳಿದರೆ ಏನು ಹೇಳಬೇಕು ಅನ್ನೋದು ಊರಿನವರಿಗೆಲ್ಲ ಬಾಯಿಪಾಠ ಆಗಿಹೋಗಿದೆ. ಅದೇ ಪ್ರಶ್ನೆಗೆ ಅದೇ ಉತ್ತರ.

ಹೋದ ಡಿಸೆಂಬರ್‌ನಲ್ಲಿ ಅಕ್ಕ, ಭಾವ ಬೆಂಗಳೂರಿನಿಂದ ಬಂದಿದ್ದರು. ಚಿಕ್ಕಮಗಳೂರಿನಲ್ಲಿ ಆಟೋ ಹತ್ತಿದೆವು. ಭಾವ "ಇಲ್ಲಿ ಏನೇನು ನೋಡಬಹುದು?" ಅಂದರು. ಆಟೋದವರು ಗಿರಿಗಳ ಹೆಸರು ಹೇಳಿ, ಜೀಪಿನ ಬಾಡಿಗೆ ಮಾತು ತೆಗೆದರು. ಸ್ವಲ್ಪ ದೂರ ಹೋದ ಮೇಲೆ ಅಕ್ಕ ಕೇಳಿದಳು: "ಅಣ್ಣಾ, ನಿಮ್ಮ ಮನೆಗೆ ಕಾಫಿಪುಡಿ ಎಲ್ಲಿ ತಗೋತೀರಿ?"

ಅವರು ಒಮ್ಮೆ ತಿರುಗಿ ನೋಡಿದರು. ದನಿಯೇ ಬದಲಾಯಿತು. "ಅದಾ ಅಕ್ಕಾ? ನಮ್ಮಪ್ಪನ ಕಾಲದಿಂದ ಒಂದೇ ಅಂಗಡಿ. ದಾರೀಲೇ ಐತೆ, ಬನ್ನಿ ತೋರಿಸ್ತೀನಿ."

ಅದು ಪೇಟೆಯ ಒಳಗಿನ ಸಣ್ಣ ಅಂಗಡಿ. ಬೋರ್ಡು ಕಣ್ಣಿಗೆ ಬೀಳುವ ಮೊದಲೇ ವಾಸನೆ ಮೂಗಿಗೆ ಬಂತು. ನಮ್ಮ ಮುಂದೆ ನಿಂತಿದ್ದ ಒಬ್ಬ ಅಜ್ಜಿ ಮನೆಯಿಂದ ಡಬ್ಬಿ ತಂದಿದ್ದರು. ಏನೂ ಹೇಳದೆ ಡಬ್ಬಿ ಮುಂದೆ ಇಟ್ಟರು, ಅಂಗಡಿಯವರು ಏನೂ ಕೇಳದೆ ತುಂಬಿಸಿ ಕೊಟ್ಟರು. ಅವತ್ತಿನಿಂದ ನಾನು ಮನೆಗೆ ಬಂದ ನೆಂಟರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೇನೆ. ಊರಿನವರು ಹೋಗುವ ಜಾಗ ಬೇಕಾದರೆ ಊರಿನವರ ದಿನಬಳಕೆಯ ಬಗ್ಗೆ ಕೇಳಿ. ಇನ್ನು ಯಾರನ್ನು ಕೇಳಬೇಕು? ಅದು ನೀವು ಹುಡುಕುತ್ತಿರುವುದು ಅಂಗಡಿಯೋ, ಊಟವೋ, ಗುಡಿಯೋ ಅನ್ನುವುದರ ಮೇಲೆ ಹೋಗುತ್ತದೆ.

ಮೊಬೈಲ್ ಮ್ಯಾಪ್ ಎಷ್ಟು ನಂಬಬಹುದು?

ದೂರ ಎಷ್ಟು, ರಸ್ತೆ ಯಾವುದು, ಇದಕ್ಕೆಲ್ಲ ಮ್ಯಾಪ್ ಬೇಕು. ಜಾಗ ಹುಡುಕೋಕೆ ಮಾತ್ರ ಅದು ಅರ್ಧಂಬರ್ಧ. ಅದರಲ್ಲಿ ಸ್ಟಾರ್ ಕೊಡುವವರು ಹೆಚ್ಚಾಗಿ ನಮ್ಮ ಹಾಗೇ ಬಂದು ಹೋಗುವವರು. ಹಾಗಾಗಿ ಪ್ರವಾಸಿಗರು ಹೋದ ಕಡೆಗೇ ಮತ್ತೆ ಪ್ರವಾಸಿಗರನ್ನು ಕಳಿಸುತ್ತದೆ. ನಲವತ್ತು ವರ್ಷದಿಂದ ನಡೀತಿರೋ ಮೆಸ್ಸಿಗೆ ಅಲ್ಲಿ ಒಂದು ಫೋಟೋ ಕೂಡ ಇರುವುದಿಲ್ಲ.

ಒಂದು ಉಪಾಯ ಇದೆ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿ. "ಕಾಫಿ ಪುಡಿ", "ಮೆಸ್", "ಖಾನಾವಳಿ", "ಹಿಟ್ಟಿನ ಗಿರಣಿ". ಬರುವ ಪಟ್ಟಿಯೇ ಬೇರೆ. ಕನ್ನಡದಲ್ಲಿ ಬರೆದಿರುವ ಅಭಿಪ್ರಾಯಗಳನ್ನು ಓದಿ. "ನಮ್ಮ ಊರಿನ ಹೋಟೆಲ್" ಅಂತ ಯಾರಾದರೂ ಬರೆದಿದ್ದರೆ ಅದು ಹೊರಗಿನವರು ಕೊಟ್ಟ ಐದು ಸ್ಟಾರ್‌ಗಿಂತ ತೂಕದ್ದು.

ಮಲೆನಾಡಿನ ಕಡೆ ಮ್ಯಾಪಿಗೆ ಇನ್ನೊಂದು ದೊಡ್ಡ ಕೊರತೆ ಇದೆ. ಅದಕ್ಕೆ ಆನೆ ಗೊತ್ತಿಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಕಾಡಾನೆಗಳು ಕಾಫಿ ತೋಟಕ್ಕೆ ಬರುತ್ತವೆ, ಜನ ಸತ್ತಿದ್ದಾರೆ. ಹತ್ತಿರದ ದಾರಿ ಅಂತ ಮ್ಯಾಪ್ ತೋರಿಸುವುದು ಎಷ್ಟೋ ಸಲ ತೋಟದ ನಡುವಿನ ಮಣ್ಣು ರಸ್ತೆ. ನಾನೇ ಒಮ್ಮೆ ಸಂಜೆ ಆರೂವರೆಗೆ ಅಂಥ ರಸ್ತೆಯಲ್ಲಿ ಕಾರು ತಿರುಗಿಸಲು ಹೊರಟಿದ್ದೆ. ತಿರುವಿನ ಟೀ ಅಂಗಡಿಯವರು ಓಡಿ ಬಂದು ಕೈ ಅಡ್ಡ ಹಿಡಿದರು. "ಮಧ್ಯಾಹ್ನದಿಂದ ಆ ಕಡೆಯೇ ಇದಾವೆ ಸಾರ್, ದೊಡ್ಡ ರಸ್ತೇಲೇ ಹೋಗಿ" ಅಂದರು. ಅವರಿಗೆ ನಾನು ಯಾವತ್ತೂ ಋಣಿ. ಬೆಳಗಿನ ಜಾವ, ಸಂಜೆ ಹೊತ್ತು ಒಳರಸ್ತೆ ಹಿಡಿಯುವ ಮೊದಲು ಕಾರು ನಿಲ್ಲಿಸಿ ಒಂದು ಮಾತು ಕೇಳಿ. ಇದರಲ್ಲಿ ಯಾವ ಆಯ್ಕೆಯೂ ಇಲ್ಲ, ಕೇಳಲೇಬೇಕು.

ಹೋಂಸ್ಟೇಯವರೋ, ಆಟೋದವರೋ, ಕಂಡಕ್ಟರೋ?

ಹೋಂಸ್ಟೇಯಲ್ಲಿ ಮನೆಯವರೇ ವಾಸ ಇದ್ದರೆ ಅವರಿಗಿಂತ ಒಳ್ಳೆ ದಾರಿತೋರುಕರು ಸಿಗುವುದಿಲ್ಲ. ಯಾವ ಹಳ್ಳದಲ್ಲಿ ಈಗ ನೀರಿದೆ, ಯಾವ ಗುಡ್ಡಕ್ಕೆ ಮಂಜು ಬರುತ್ತದೆ ಅನ್ನುವುದು ಅವರ ಕೈಬೆರಳ ತುದಿಯಲ್ಲಿ ಇರುತ್ತದೆ. ಮಳೆಗಾಲದಲ್ಲಿ ಕಳಲೆ ಪಲ್ಯ, ಅಣಬೆ ಸಾರು, ಪತ್ರೊಡೆ ತಿನ್ನಬೇಕು ಅಂದರೂ ಅವರ ಅಡುಗೆಮನೆಯೇ ಸರಿ. ಹೋಟೆಲಿನಲ್ಲಿ ಇವು ಅಪರೂಪ. ಮ್ಯಾನೇಜರ್ ಇಟ್ಟು ನಡೆಸುವ ಕಡೆ ಮಾತ್ರ ಜೀಪ್ ಸವಾರಿ, ಕ್ಯಾಂಪ್ ಫೈರ್ ಆಚೆ ಮಾತು ಮುಂದೆ ಹೋಗುವುದು ಕಡಿಮೆ. ಬುಕ್ ಮಾಡುವಾಗಲೇ ಫೋನಿನಲ್ಲಿ "ಮನೆಯವರು ಅಲ್ಲೇ ಇರ್ತೀರಾ?" ಅಂತ ಕೇಳಿಬಿಡಿ.

ಆಟೋದವರನ್ನು ಊಟಕ್ಕೆ, ಅಂಗಡಿಗೆ ನಂಬಿ. "ಒಳ್ಳೆ ಹೋಟೆಲ್ ಯಾವುದು" ಅಂದರೆ ಎಸಿ ಇರುವ ಕಡೆ ಕರೆದುಕೊಂಡು ಹೋಗುತ್ತಾರೆ, ಅದು ನಿಮಗೆ ತೋರಿಸುವ ಮರ್ಯಾದೆ. "ನೀವು ಬೆಳಗ್ಗೆ ತಿಂಡಿ ಎಲ್ಲಿ ಮಾಡಿದ್ರಿ?" ಅಂದರೆ ಕತೆ ಬೇರೆ. ಹಾಸನದ ಕಡೆ ಮುದ್ದೆ, ಬಸ್ಸಾರು ಚೆನ್ನಾಗಿ ಸಿಗುವ ಮೆಸ್ಸುಗಳನ್ನೆಲ್ಲ ನಾನು ಹೀಗೇ ಕಂಡುಕೊಂಡದ್ದು. ಬೆಂಗಳೂರಿನಿಂದ ಗಾಡಿ ತರುವ ಡ್ರೈವರ್‌ಗಳ ಮಾತು ಬೇರೆ. ಅವರಿಗೂ ಈ ಊರು ಹೊಸದು. ಹೆದ್ದಾರಿ ಬದಿಯ ಕೆಲವು ಮಸಾಲೆ, ಚಾಕೊಲೇಟ್ ಅಂಗಡಿಗಳಲ್ಲಿ ಡ್ರೈವರ್‌ಗೆ ಕಮಿಷನ್ ಕೊಡುವ ರೂಢಿಯೂ ಇದೆ.

ನನ್ನ ಓಟು ಬಸ್ ಕಂಡಕ್ಟರ್‌ಗೆ. ಹಳ್ಳಿ ಕಡೆಯ ಬಸ್ಸಿನ ಕಂಡಕ್ಟರ್‌ಗೆ ಯಾವ ಊರಲ್ಲಿ ಸಂತೆ ಯಾವತ್ತು, ಜಾತ್ರೆ ಯಾವಾಗ, ಗುಡಿ ಬಾಗಿಲು ತೆಗೆದಿರುತ್ತದೋ ಇಲ್ಲವೋ, ಅರ್ಚಕರ ಮನೆ ಎಲ್ಲಿ, ಎಲ್ಲ ಗೊತ್ತಿರುತ್ತದೆ. ಅವರಿಗೆ ನಿಮ್ಮಿಂದ ಏನೂ ಆಗಬೇಕಾದ್ದಿಲ್ಲ, ಟಿಕೆಟ್ ಕೊಟ್ಟು ಆಗಿದೆ. ಅವರು ಮರೆತರೂ ಪಕ್ಕದ ಸೀಟಿನವರು ನೆನಪಿಟ್ಟುಕೊಂಡು ಇಳಿಸುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ನಮ್ಮ ಮನೆಯ ಹೆಂಗಸರು ಆಧಾರ್ ಕಾರ್ಡ್ ಹಿಡಿದು ಹೀಗೇ ಸುಮಾರು ಹಳ್ಳಿಗಳನ್ನು ನೋಡಿ ಬಂದಿದ್ದಾರೆ. ಚಿಕ್ಕಮಗಳೂರಿನ ಕಡೆ ಖಾಸಗಿ ಬಸ್ಸುಗಳೂ ಇವೆ, ಅವಕ್ಕೆ ಇದು ಅನ್ವಯ ಆಗುವುದಿಲ್ಲ. ಬಸ್ಸಿನ ಕಷ್ಟ ಅಂದರೆ ಸಮಯ. ಒಂದು ದಿನದಲ್ಲಿ ನಾಲ್ಕು ಜಾಗ ನೋಡುವವರಿಗೆ ಇದು ಆಗಿಬರುವುದಿಲ್ಲ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಆಟೋ ಮಾತಾಡಿಕೊಳ್ಳಿ.

ಕಾಫಿಪುಡಿ: ಪೇಟೆ ಅಂಗಡಿ, ತೋಟದ ಪ್ಯಾಕೆಟ್, ದಾರಿಬದಿ

ಇಲ್ಲಿಗೆ ಬಂದವರು ಏನು ಕೊಳ್ಳದಿದ್ದರೂ ಕಾಫಿಪುಡಿ ಕೊಳ್ಳುತ್ತಾರೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪೇಟೆಯ ಹಳೆ ಅಂಗಡಿಯಲ್ಲಿ ಬೀಜ ಹುರಿದು ನಿಮ್ಮ ಕಣ್ಣೆದುರೇ ಪುಡಿ ಮಾಡಿಕೊಡುತ್ತಾರೆ. ಚಿಕೋರಿ ಎಷ್ಟು ಬೇಕು ಅಂತ ಕೇಳುತ್ತಾರೆ. ಬೇಡ ಅಂದರೆ ಪ್ಯೂರ್, ಇಲ್ಲದಿದ್ದರೆ 80ಕ್ಕೆ 20, 70ಕ್ಕೆ 30, ನಿಮ್ಮ ಇಷ್ಟ. ಬರೀ ಅರೇಬಿಕಾ ಪರಿಮಳಕ್ಕೆ ಒಳ್ಳೆಯದು. ಸ್ವಲ್ಪ ರೊಬಸ್ಟಾ ಸೇರಿದರೆ ಡಿಕಾಕ್ಷನ್ ಗಟ್ಟಿ ಬರುತ್ತದೆ, ಹಾಲು ಹಾಕಿದರೂ ಕಾಫಿ ಸೋಲುವುದಿಲ್ಲ. ಏನು ಕೇಳಬೇಕು ಅಂತ ಗೊತ್ತಾಗದಿದ್ದರೆ "ನಿಮ್ಮ ಮನೇಲಿ ಕುಡಿಯೋದು ಯಾವುದು, ಅದನ್ನೇ ಕೊಡಿ" ಅನ್ನಿ. ಈ ಮಾತಿಗೆ ಕೆಟ್ಟ ಪುಡಿ ಕೊಟ್ಟವರನ್ನು ನಾನು ಕಂಡಿಲ್ಲ. ಚಿಕ್ಕಮಗಳೂರಿನ ಎಂ.ಜಿ. ರಸ್ತೆ, ಮಾರ್ಕೆಟ್ ಸುತ್ತಮುತ್ತ ಇಂಥ ಅಂಗಡಿಗಳಿವೆ. ಹಾಸನ, ಬೇಲೂರು, ಸಕಲೇಶಪುರದಲ್ಲೂ ಇವೆ. ಹಾಸನ ಜಿಲ್ಲೆಯಲ್ಲೂ ಕಾಫಿ ಬೆಳೆಯುತ್ತಾರೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ತೋಟದವರೇ ಹುರಿದು ಮಾರುವ ಪ್ಯಾಕೆಟ್ ಬೇರೆ ಥರ. ಒಂದೇ ತೋಟದ ಬೀಜ, ಹುರಿದ ತಾರೀಖು ಬರೆದಿರುತ್ತಾರೆ, ಹೆಚ್ಚಾಗಿ ಚಿಕೋರಿ ಇರುವುದಿಲ್ಲ. ಬೆಲೆ ಜಾಸ್ತಿ. ಹಾಲಿಲ್ಲದೆ ಕುಡಿಯುವವರಿಗೆ, ಅಥವಾ ಕಾಫಿ ಬಗ್ಗೆ ಆಸಕ್ತಿ ಇರುವ ಸ್ನೇಹಿತರಿಗೆ ಉಡುಗೊರೆ ಕೊಡುವುದಕ್ಕೆ ಇದು ಸರಿ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ಬೆಳೆ ಅನ್ನುವ ಗುರುತು, ಸಿಕ್ಕಿದೆ. ಬೆಳಗ್ಗೆ ಎದ್ದ ಕೂಡಲೇ ಲೋಟದ ತುಂಬ ಹಾಲು ಕಾಫಿ ಬೇಕು ಅನ್ನುವ ನನ್ನಂಥವರಿಗೆ ಪೇಟೆ ಅಂಗಡಿಯೇ ಸಾಕು.

ಗಿರಿಗೆ ಹೋಗುವ ದಾರಿಬದಿಯಲ್ಲಿ ಪ್ಯಾಕೆಟ್ ಕೊಳ್ಳುವುದಾದರೆ ಹಿಂದೆ ತಿರುಗಿಸಿ ಓದಿ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಕಡಿಮೆ ಅಂದರೂ ನೂರಕ್ಕೆ 51 ಭಾಗ ಇರಬೇಕು, ಚಿಕೋರಿ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು. ಇದು ಕಾನೂನು. ಮುಂದುಗಡೆ ಹಸಿರು ತೋಟದ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ ಚಿಕೋರಿ 47 ಅಂತ ಇದ್ದರೆ ನೀವು ಕೊಳ್ಳುತ್ತಿರುವುದು ಹತ್ತಿರ ಹತ್ತಿರ ಅರ್ಧ ಚಿಕೋರಿ. ಎಲ್ಲಿ ಕೊಂಡರೂ ಕಾಲು ಕಿಲೋ ಕೊಳ್ಳಿ. ಪುಡಿ ಮಾಡಿದ ಕಾಫಿಯ ಘಮ ಬೇಗ ಹಾರಿಹೋಗುತ್ತದೆ, ಎರಡು ಕಿಲೋ ಒಯ್ದು ಬೀರುವಿನಲ್ಲಿಟ್ಟರೆ ಸುಮ್ನೆ ನಷ್ಟ.

ಕಾಳುಮೆಣಸಿಗೂ ಇದೇ ಮಾತು. ತೋಟಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ನೀವು ನೋಡಿಯೇ ಇರುತ್ತೀರಿ. ಬೇಸಿಗೆ ಶುರುವಾಗುವ ಹೊತ್ತಿಗೆ ಹೊಸ ಮೆಣಸು ಒಣಗಿ ಪೇಟೆಗೆ ಬರುತ್ತದೆ. ಆಗ ದಿನಸಿ ಅಂಗಡಿಯಲ್ಲಿ ಬಿಡಿಯಾಗಿ ತೂಗಿಸಿಕೊಳ್ಳಿ.

ಸಂತೆ

ಅಂಗಡಿ ಸಾಲಿಗೂ ಸಂತೆಗೂ ಹೋಲಿಸಿ ಅಂದರೆ ನಾನು ಕಣ್ಣು ಮುಚ್ಚಿ ಸಂತೆ ಅನ್ನುತ್ತೇನೆ. ಪ್ರತಿ ಊರಿಗೂ ವಾರದಲ್ಲಿ ಒಂದು ದಿನ. ಕಾಫಿ ಸೀಮೆಯಲ್ಲಿ ಎಷ್ಟೋ ತೋಟಗಳಿಗೆ ಸಂತೆ ದಿನವೇ ರಜೆ. ಕೂಲಿ ಕೈಗೆ ಬಂದಿರುತ್ತದೆ, ವಾರದ ಸಾಮಾನು, ಮಕ್ಕಳಿಗೆ ಖಾರ ಮಂಡಕ್ಕಿ, ಎಲ್ಲ ಅವತ್ತೇ. ಮಧ್ಯಾಹ್ನದ ಮೇಲೆ ಹೋದರೆ ಊರೇ ಅಲ್ಲಿರುತ್ತದೆ.

ಪ್ರವಾಸಿಗರಿಗೆ ಅಂತ ಅಲ್ಲಿ ಒಂದೂ ವಸ್ತು ಇರುವುದಿಲ್ಲ. ಅದೇ ಚೆಂದ. ಬಿದಿರಿನ ಮೊರ, ಬುಟ್ಟಿ, ಹಗ್ಗ, ತೋಟದ ಕೆಲಸದ ಕತ್ತಿ, ಕಂಬಳಿ, ಸೀಗೆಕಾಯಿ, ಉಂಡೆ ಬೆಲ್ಲ, ಒಣಮೀನು, ಕಟ್ಟು ಕಟ್ಟು ವೀಳ್ಯದೆಲೆ. ಚಳಿಗಾಲದಲ್ಲಿ ಸೊಗಡವರೆ ರಾಶಿ, ಮಳೆಗಾಲದಲ್ಲಿ ಕಳಲೆ, ಕೆಸುವಿನ ಎಲೆ. ನನ್ನ ಅಕ್ಕ ಕೊಂಡ ಬಿದಿರಿನ ಬುಟ್ಟಿ ಈಗ ಅವಳ ಬೆಂಗಳೂರಿನ ಅಡುಗೆಮನೆಯಲ್ಲಿ ಈರುಳ್ಳಿ ಹೊತ್ತುಕೊಂಡು ಕೂತಿದೆ. ಬುಟ್ಟಿ ಹೆಣೆದವರೇ ಎದುರಿಗೆ ಕೂತು ಮಾರುವಾಗ ಚೌಕಾಸಿ ಮಾಡಬೇಡಿ. ಒಂದು ಬುಟ್ಟಿಗೆ ಎಷ್ಟು ಹೊತ್ತು ಬೇಕು ಅಂತ ಅವರನ್ನೇ ಕೇಳಿ ನೋಡಿ. ಮುಖದ ಫೋಟೋ ತೆಗೆಯುವ ಮೊದಲೂ ಒಂದು ಮಾತು ಕೇಳಿ.

ನೀವು ಉಳಿಯುವ ಊರಿನ ಸಂತೆ ಯಾವ ದಿನ ಅಂತ ಮೊದಲೇ ತಿಳಿದುಕೊಂಡು ಪ್ರವಾಸದ ತಾರೀಖು ಹಾಕಿಕೊಳ್ಳಿ. ಶನಿವಾರ, ಭಾನುವಾರವೇ ಬರಬೇಕು ಅನ್ನುವ ಹಠ ಬಿಟ್ಟರೆ ಗಿರಿಯ ರಸ್ತೆಯಲ್ಲಿ ವಾಹನದ ಸಾಲೂ ತಪ್ಪುತ್ತದೆ.

ಗುಡಿಗಳು: ಯಾವುದನ್ನು ಆರಿಸಿಕೊಳ್ಳಬೇಕು?

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದು ನಮಗೆಲ್ಲ ಹೆಮ್ಮೆ. ಆದರೆ ಅದೇ ಹೊಯ್ಸಳರ ಕಾಲದ, ಅದೇ ಕಲ್ಲಿನ ಗುಡಿಗಳು ಈ ಎರಡು ಜಿಲ್ಲೆಗಳಲ್ಲಿ ಎಷ್ಟೊಂದು ಇವೆ! ಅಲ್ಲಿ ಎಷ್ಟೋ ಸಲ ನಾನು ಒಬ್ಬನೇ ಇದ್ದೆ.

ಹಾಸನದಿಂದ ಅರ್ಧ ದಿನ ಮಾತ್ರ ಇದ್ದರೆ ಈಗ ಹೇಳುವ ಮೂರರಲ್ಲಿ ಒಂದು ಆರಿಸಿಕೊಳ್ಳಿ. ಬೇಲೂರು ರಸ್ತೆಯಲ್ಲಿ ತಿರುಗಿದರೆ ದೊಡ್ಡಗದ್ದವಳ್ಳಿ. ಕೆರೆ ದಂಡೆಯ ಮೇಲೆ, ತೆಂಗಿನ ಮರಗಳ ನಡುವೆ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ಗುಡಿ. 1113ರ ಹೊತ್ತಿನದು, ಅಂದರೆ 1117ರ ಬೇಲೂರು ಚೆನ್ನಕೇಶವನಿಗಿಂತಲೂ ಹಿಂದಿನದು. ಕಟ್ಟಿಸಿದ್ದು ರಾಜನಲ್ಲ, ಒಬ್ಬ ವರ್ತಕ ಮತ್ತು ಅವನ ಹೆಂಡತಿ. ಗೋಡೆಯ ಮೇಲೆ ಬೇಲೂರಿನಷ್ಟು ಕೆತ್ತನೆ ಇಲ್ಲ. ಆದರೆ ಕಾಳಿಯ ಗುಡಿಯ ಬಾಗಿಲಲ್ಲಿ ನಿಂತ ಎಲುಬುಗೂಡಿನಂಥ ಬೇತಾಳಗಳನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಮಕ್ಕಳಿದ್ದರೆ ಇಲ್ಲಿಗೇ ಬನ್ನಿ.

ಅರಸೀಕೆರೆ ರಸ್ತೆ ಕಡೆ ಕೊರವಂಗಲದ ಬೂಚೇಶ್ವರ. 1173ರದು, ಹೊಯ್ಸಳ ದೊರೆ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ ಅವನ ಅಧಿಕಾರಿ ಬೂಚಿರಾಜ ಕಟ್ಟಿಸಿದ್ದು. ಶಿವನ ಎದುರಿಗೆ ನಂದಿಯ ಮಂಟಪ ಹುಡುಕಿದರೆ ಸೂರ್ಯನ ಗುಡಿ ಸಿಗುತ್ತದೆ. ಕೆತ್ತನೆ ಹತ್ತಿರದಿಂದ ನೋಡುವ ಆಸೆ ಇರುವವರು ಇದನ್ನು ಆರಿಸಿಕೊಳ್ಳಿ. ಮೂರನೆಯದು ಮೊಸಳೆ ಅನ್ನುವ ಊರು. ನಾಗೇಶ್ವರ, ಚೆನ್ನಕೇಶವ ಅಂತ ಎರಡು ಗುಡಿ ಅಕ್ಕಪಕ್ಕ, ಅವಳಿ ಮಕ್ಕಳ ಹಾಗೆ.

ಒಂದು ಇಡೀ ದಿನ ಇದ್ದರೆ ಅರಸೀಕೆರೆ ಕಡೆ ಹೋಗಿ. ಅಲ್ಲಿನ ಈಶ್ವರ ಗುಡಿಯ ಮುಂದಿನ ಮಂಟಪ ಹದಿನಾರು ಮೂಲೆಯ ನಕ್ಷತ್ರದ ಹಾಗಿದೆ. ಅಲ್ಲಿಂದ ಹತ್ತಿರದ ಹಾರನಹಳ್ಳಿಯಲ್ಲಿ 1235ರ ಸುಮಾರಿನ ಎರಡು ಗುಡಿಗಳಿವೆ, ಮೂವರು ಅಣ್ಣತಮ್ಮಂದಿರು ಕಟ್ಟಿಸಿದ್ದು.

ಚಿಕ್ಕಮಗಳೂರಿನಲ್ಲಿ ಉಳಿದವರಿಗೆ ಬೆಳವಾಡಿ ಮತ್ತು ಅಮೃತಾಪುರ ಎರಡರ ನಡುವೆ ಆಯ್ಕೆ. ಬೆಳವಾಡಿ ಹತ್ತಿರ, ಜಾವಗಲ್ ರಸ್ತೆಯಲ್ಲಿ 29 ಕಿ.ಮೀ. ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ, ಮೂರು ಗುಡಿ ಒಟ್ಟಿಗೆ. ಹೊರಗೆ ಸುಡು ಬಿಸಿಲಿದ್ದರೂ ಒಳಗಿನ ಕಡೆದ ಕಂಬಗಳ ಸಾಲಿನಲ್ಲಿ ತಂಪು. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಅಂತ ಊರಿನವರು ಹೇಳುತ್ತಾರೆ. ಹಳೇಬೀಡು ನೋಡಿಕೊಂಡು ಬರುವಾಗ ದಾರಿಯಲ್ಲೇ ಸೇರಿಸಿಕೊಳ್ಳಬಹುದು. ಅಮೃತಾಪುರ ತರೀಕೆರೆ ಹತ್ತಿರ, ದೂರ ಜಾಸ್ತಿ. ಆದರೆ 1196ರ ಆ ಅಮೃತೇಶ್ವರ ಗುಡಿಯ ಹೊರಗೋಡೆಯಲ್ಲಿ ರಾಮಾಯಣ, ಭಾರತ, ಕೃಷ್ಣನ ಕತೆ ಸಾಲಾಗಿ ಕೆತ್ತಿದ್ದಾರೆ. ಮುಂದಿನ ದೊಡ್ಡ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ. ಕನ್ನಡ ಓದುವ ಪ್ರೀತಿ ಇರುವವರು ದೂರ ಅನ್ನದೆ ಹೋಗಿ.

ಅದೇ ಪ್ರೀತಿಗೆ ಇನ್ನೊಂದು ಊರು ಹೇಳಲೇಬೇಕು. ಬೇಲೂರು ತಾಲ್ಲೂಕಿನ ಹಲ್ಮಿಡಿ. ಕನ್ನಡದ ಬಹು ಹಳೆಯ ಶಾಸನ, ಸುಮಾರು 450ನೇ ಇಸವಿಯದು, ಇಲ್ಲಿ ಸಿಕ್ಕಿತು. 1936ರಲ್ಲಿ ಪುರಾತತ್ವ ವಿದ್ವಾಂಸ ಎಂ. ಎಚ್. ಕೃಷ್ಣ ಅವರು ಅದನ್ನು ಗುರುತಿಸಿದರು. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ನೋಡಲು ಐದೇ ನಿಮಿಷ. ಅಷ್ಟಕ್ಕೆ ಹೋಗಬೇಕಾ ಅಂತ ಭಾವ ಕೇಳಿದರು. ಅಲ್ಲಿ ನಿಂತಾಗ ಅವರೇ ಹೆಚ್ಚು ಹೊತ್ತು ನಿಂತರು.

ಇಂಥ ಗುಡಿಗಳಿಗೆ ಮ್ಯಾಪ್, ಆಟೋ ಎರಡೂ ಅಷ್ಟಕ್ಕಷ್ಟೇ. ಹಳೆಯ ಪುಸ್ತಕವೇ ಒಳ್ಳೆಯದು. ಬಿ. ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೇ ಸಂಪುಟ ಹಾಸನ ಜಿಲ್ಲೆಯದು, 6ನೇದು ಕಡೂರು ಜಿಲ್ಲೆಯದು. ಚಿಕ್ಕಮಗಳೂರು ಜಿಲ್ಲೆಗೆ ಆಗ ಅದೇ ಹೆಸರು. ಶಾಸನಗಳು ತಾಲ್ಲೂಕುವಾರು ಇವೆ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ನೀವು ಹೋಗುವ ತಾಲ್ಲೂಕಿನ ಪುಟ ತೆಗೆದು ಊರಿನ ಹೆಸರು ಬರೆದುಕೊಳ್ಳಿ, ಆಮೇಲೆ ಆ ಹೆಸರನ್ನು ಕಂಡಕ್ಟರ್ ಮುಂದೆ ಹೇಳಿ. ಪುಸ್ತಕ ಊರು ತೋರಿಸುತ್ತದೆ, ಕಂಡಕ್ಟರ್ ದಾರಿ ತೋರಿಸುತ್ತಾರೆ.

ಎಲ್ಲಿಗೂ ಹೋಗಲು ಹೊತ್ತಿಲ್ಲ ಅನ್ನುವವರು ಚಿಕ್ಕಮಗಳೂರಿಗೇ ಅಂಟಿಕೊಂಡಿರುವ ಹಿರೇಮಗಳೂರಿನ ಕೋದಂಡರಾಮನನ್ನು ನೋಡಿ. ಸೀತೆ ರಾಮನ ಬಲಗಡೆ ನಿಂತಿದ್ದಾಳೆ, ಪೂಜೆಯ ಮಂತ್ರ ಕನ್ನಡದಲ್ಲಿ. ಸಂಜೆಗೆ ನೀರಿನ ಬಳಿ ಕೂರಬೇಕು ಅಂದರೆ ಹಿರೇಕೊಳಲೆ ಕೆರೆ ಹತ್ತಿರ, ಆದರೆ ರಜೆ ದಿನ ಗಲಾಟೆ. ಸಖರಾಯಪಟ್ಟಣದ ಅಯ್ಯನಕೆರೆ ಸ್ವಲ್ಪ ದೂರ, ನನಗೆ ಅದೇ ಇಷ್ಟ.

ಉಳಿಯುವುದು ಎಲ್ಲಿ?

ಗುಡಿ ಮುಖ್ಯ ಅಂದರೆ ಹಾಸನ. ಎಲ್ಲ ದಿಕ್ಕಿಗೂ ಬಸ್ಸಿದೆ, ರೈಲಿದೆ, ರೂಮು ಅಗ್ಗ. ತೋಟ, ಮಳೆ, ಕಾಫಿ, ಮಲೆನಾಡಿನ ಊಟ ಅಂದರೆ ಚಿಕ್ಕಮಗಳೂರು. ಎರಡೂ ಬೇಕು ಅಂದರೆ ಬೇಲೂರಿನಲ್ಲೇ ಒಂದು ರಾತ್ರಿ ಉಳಿಯಿರಿ, ಚಿಕ್ಕಮಗಳೂರು ಅಲ್ಲಿಂದ ಸುಮಾರು 25 ಕಿ.ಮೀ., ಹಾಸನ 40. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಕಡೆ ಹೋಗುವವರು ಇಂಬಳಕ್ಕೆ (ಜಿಗಣೆಗೆ) ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ.

ಹಳ್ಳಿ ಗುಡಿಗೆ ಬೆಳಗ್ಗೆಯೇ ಹೋಗಿ. ಪೂಜೆ ಮುಗಿದ ಮೇಲೆ ಅರ್ಚಕರು ಬೀಗ ಹಾಕಿಕೊಂಡು ಮನೆಗೋ ಗದ್ದೆಗೋ ಹೋಗಿರುತ್ತಾರೆ. ಬೀಗ ಇದ್ದರೆ ವಾಪಸ್ ಬರಬೇಡಿ, ಪಕ್ಕದ ಮನೆಯಲ್ಲಿ "ಸ್ವಾಮಿಗಳ ಮನೆ ಯಾವುದು?" ಅಂತ ಕೇಳಿ. ಒಂದು ಮಗು ಓಡಿ ಹೋಗಿ ಕರೆದುಕೊಂಡು ಬರುತ್ತದೆ. ತಟ್ಟೆಗೆ ಹಾಕಲು ಚಿಲ್ಲರೆ ಇಟ್ಟುಕೊಂಡಿರಿ. ಬಸ್ಸಿನಲ್ಲಿ ಹೋದವರು ಇಳಿಯುವಾಗಲೇ ಕಂಡಕ್ಟರ್‌ನ ಕೇಳಿಬಿಡಿ: "ಸಂಜೆ ವಾಪಸ್ಸಿಗೆ ಕೊನೆ ಬಸ್ ಎಷ್ಟೊತ್ತಿಗೆ?"